ಪೀಠದ ಮೇಲೆ ಬರೆಯಬೇಕಾದ ಮಾತು

ಹಿಜಲತಲಾ
೩ ಜೂನ್ ೧೯೯೭

ಮಾನ್ಯ ಎಕ್ಲಾಸ್ ಮೃಧಾ ಅವರಿಗೆ ಸಲಾಂ.

ನನ್ನ ಕೈಬರಹ ನೀವು ಕಂಡಿಲ್ಲ. ನಾನು ಕಫಿಲುದ್ದೀನನ ತಂಗಿ, ರೌಶನ್ ಆರಾ. ಎಪ್ಪತ್ತೊಂದರ ವಿಮೋಚನಾ ಯುದ್ಧದ ವರ್ಷ ನನಗೆ ಹದಿನೈದು. ಈಗ ಇಲ್ಲಿನ ಪ್ರಾಥಮಿಕ ಶಾಲೆಯಲ್ಲಿ ಮೇಡಂ ಆಗಿದ್ದೇನೆ. ನಿಮ್ಮ ವಿಳಾಸ ಸಿಗಲು ನಾಲ್ಕು ತಿಂಗಳು ಹಿಡಿಯಿತು. ನೌಕಾ ಕಮಾಂಡೋ ಆಗಿದ್ದವರು ನದಿಯೇ ಇಲ್ಲದಂಥ ದಿನಾಜ್‌ಪುರದ ಮೂಲೆಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದಾರೆಂದು ಯಾರಿಗೆ ಹೊಳೆಯಬೇಕು?

ವಿಷಯ ಇಷ್ಟು. ನಮ್ಮ ಪುರಸಭೆಯವರು ನದಿದಡದ ಸ್ಟೀಮರ್ ಘಾಟಿನಲ್ಲಿ ಅಣ್ಣನ ಪ್ರತಿಮೆ ನಿಲ್ಲಿಸುತ್ತಿದ್ದಾರೆ. ನೀವಿಬ್ಬರೂ ಹೊಟ್ಟೆಗೆ ಬಾಂಬು ಕಟ್ಟಿಕೊಂಡು ಈಜಿಹೋಗಿ ಪಾಕಿಸ್ತಾನಿ ಸೈನ್ಯದ ಸರಕು ಹಡಗನ್ನು ಮುಳುಗಿಸಿದಿರಲ್ಲ, ಅದೇ ಜಾಗದಲ್ಲಿ. ಡಿಸೆಂಬರ್ ಹದಿನಾರರ ವಿಜಯ ದಿನದಂದು ಅನಾವರಣ. ಢಾಕಾದಿಂದ ಶಿಲ್ಪಿ ಬಂದಿದ್ದಾನೆ. ಅಣ್ಣನ ಒಂದು ಫೋಟೋ ಕೊಡಿ ಎನ್ನುತ್ತಾನೆ. ಹಡಗು ಮುಳುಗಿದ ಮರುದಿನ ಸೈನಿಕರು ಘಾಟಿನ ಸುತ್ತಲಿನ ಮನೆಗಳನ್ನೆಲ್ಲ ಸುಟ್ಟರು. ನಮ್ಮಲ್ಲಿ ಏನೂ ಉಳಿದಿಲ್ಲ. ನಿಮ್ಮ ಹತ್ತಿರ ಇದೆಯೇ?

ಇನ್ನೊಂದು ಅಮ್ಮನ ಬೇಡಿಕೆ. ಎಪ್ಪತ್ತೆರಡರಲ್ಲಿ ನೀವು ಮೇಲಧಿಕಾರಿಗಳಿಗೆ ಬರೆದುಕೊಟ್ಟ ವರದಿಯಲ್ಲಿ, ಗಾಯಗೊಂಡ ಅಣ್ಣ ನಿಮಗೆ ತನ್ನನ್ನು ಬಿಟ್ಟು ಹೋಗಲು ಹೇಳಿದ ಎಂದಿದೆಯಂತೆ. ಅವನು ಅದನ್ನು ಯಾವ ಮಾತಿನಲ್ಲಿ ಹೇಳಿದ ಎಂದು ಅಮ್ಮನಿಗೆ ತಿಳಿಯಬೇಕು. ಆ ಮಾತನ್ನೇ ಪೀಠದ ಮೇಲೆ ಕೆತ್ತಿಸಬೇಕೆಂದು ಹಟ ಹಿಡಿದಿದ್ದಾಳೆ. ಅಣ್ಣನ ಶವ ಸಿಗಲಿಲ್ಲವಲ್ಲ. ನಮ್ಮ ಇಮಾಮ್ ಸಾಹೇಬರು ಬಂದು, ಮನುಷ್ಯನ ಆಕೃತಿ ನಿಲ್ಲಿಸುವುದು ನಮಗೆ ಸಲ್ಲದು ಎಂದು ಮೆತ್ತಗೆ ಹೇಳಿ ನೋಡಿದರು. ಅಮ್ಮ, "ಹಂಗಾದ್ರೆ ನನ್ನ ಮಗನ ಗೋರಿ ತಂದ್ಕೊಡಿ, ಪ್ರತಿಮೆ ಬೇಡ ಅಂತೀನಿ" ಎಂದಳು. ಅವರು ಚಹಾ ಕುಡಿದು ಎದ್ದುಹೋದರು.

ಇಪ್ಪತ್ತಾರು ವರ್ಷಗಳಲ್ಲಿ ನೀವು ಒಮ್ಮೆಯೂ ಈ ಕಡೆ ಬರಲಿಲ್ಲ. ಕೆಲಸದ ತಾಪತ್ರಯ ಇರಬಹುದು. ಉತ್ತರವನ್ನಾದರೂ ಬರೆಯಿರಿ.

ಇತಿ,
ರೌಶನ್ ಆರಾ


ದಿನಾಜ್‌ಪುರ
೨೯ ಜೂನ್ ೧೯೯೭

ತಂಗಿ ರೌಶನ್ ಆರಾ ಅವರಿಗೆ ಎಕ್ಲಾಸನ ಸಲಾಂ. ನಿಮ್ಮ ತಾಯಿ ಖಾಲಮ್ಮನ ಪಾದಗಳಿಗೆ ನನ್ನ ಗೌರವ.

ಫೋಟೋ ನನ್ನ ಬಳಿ ಇಲ್ಲ. ತರಬೇತಿಗೆ ಸೇರಿದಾಗ, ಸತ್ತರೆ ಯಾರನ್ನೂ ದೂರುವುದಿಲ್ಲ ಎಂಬ ಕಾಗದಕ್ಕೆ ನಮ್ಮೆಲ್ಲರ ಫೋಟೋ ಅಂಟಿಸಿ ಸಹಿ ಹಾಕಿಸಿಕೊಂಡಿದ್ದರು. ಆ ಕಾಗದಗಳು ಎಲ್ಲಿ ಹೋದವೋ ತಿಳಿಯದು.

ಮುಖ ಮಾತ್ರ ನನಗೆ ಚೆನ್ನಾಗಿ ನೆನಪಿದೆ. ಕಿವಿಗಳು ಮುಂದಕ್ಕೆ ಬಾಗಿದ್ದವು. ಎಡಹುಬ್ಬನ್ನು ಒಂದು ಗಾಯದ ಗೆರೆ ಸೀಳಿತ್ತು, ಸಣ್ಣವನಿದ್ದಾಗ ದೋಣಿಯ ಹುಟ್ಟು ಬಡಿದದ್ದಂತೆ. ಮುಂದಿನ ಹಲ್ಲಿನ ಒಂದು ಚೂರು ಮುರಿದದ್ದು ನಿಮಗೆ ಗೊತ್ತಿರಲಾರದು. ಅದು ಶಿಬಿರದಲ್ಲಿ ಆದದ್ದು. ಭಾಗೀರಥಿಯಲ್ಲಿ ಎದೆಗೆ ಇಟ್ಟಿಗೆ ಕಟ್ಟಿ ಈಜಿಸುತ್ತಿದ್ದರು. ಒಂದು ದಿನ ಇಟ್ಟಿಗೆ ಜಾರಿ ಬಾಯಿಗೆ ಬಡಿಯಿತು. ಅಲ್ಲಿಂದಾಚೆ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದ. "ಇನ್ನು ನಂಗೆ ಹೆಣ್ಣು ಕೊಡೋರು ಯಾರಪ್ಪ" ಎಂದು ಕೇಳುತ್ತಿದ್ದ. ನಮ್ಮ ತಂಡದಲ್ಲಿ ಅವನಷ್ಟು ಹೊತ್ತು ಉಸಿರು ಬಿಗಿಹಿಡಿಯುವವರು ಇರಲಿಲ್ಲ.

ಆ ಮಾತು ಯಾವುದೆಂದು ಈಗ ನೆನಪಿಲ್ಲ. ಬಹಳ ಕಾಲವಾಯಿತು. ನೀವೇ ಏನಾದರೂ ಒಳ್ಳೆಯದನ್ನು ಬರೆಸಿ.

ಇತಿ,
ಎಕ್ಲಾಸ್


ಹಿಜಲತಲಾ
೨೦ ಜುಲೈ ೧೯೯೭

ಎಕ್ಲಾಸ್ ಭಾಯಿ,

ಹಲ್ಲಿನ ಸುದ್ದಿ ಓದಿದಾಗ ಅಮ್ಮ ಆ ಸಾಲನ್ನು ಮೂರು ಸಲ ಓದಿಸಿಕೊಂಡಳು. ಆಮೇಲೆ ನನ್ನನ್ನು ಕರೆದುಕೊಂಡು ಶಿಲ್ಪಿಯ ಚಪ್ಪರಕ್ಕೆ ಹೋದಳು. ಆ ಹುಡುಗ ಮಣ್ಣಿನಲ್ಲಿ ಮಾದರಿ ಮಾಡಿಟ್ಟಿದ್ದ. ಕಂಬದಂಥ ತೋಳು, ಬಾಗಿಲಿನಷ್ಟು ಅಗಲದ ಎದೆ. ಅಮ್ಮ ಸುತ್ತ ಒಂದು ಬಳಸು ಬಂದು, "ಯಾರಪ್ಪ ಈ ಪೈಲ್ವಾನ? ನನ್ನ ಮಗ ಟುಕು ಹಂಚಿಕಡ್ಡಿ ಇದ್ದಂಗಿದ್ದ. ಅಂಗಿ ಬಿಚ್ಚಿದ್ರೆ ಪಕ್ಕೆಲುಬು ಎಣಿಸಬೋದಿತ್ತು" ಎಂದಳು. ವೀರರ ಪ್ರತಿಮೆಗೆ ಎದೆ ಬೇಕೇ ಬೇಕು ಅಜ್ಜಿ, ದೂರದ ದೋಣಿಯವರಿಗೂ ಕಾಣಬೇಕಲ್ಲ ಎಂದು ಅವನು ಸಮಾಧಾನ ಹೇಳಿದ. ಕೊನೆಗೆ ಎದೆ ಅವನದಾಯಿತು, ಕಿವಿ ಮತ್ತು ಹುಬ್ಬು ನಮ್ಮವಾದವು. ಹಲ್ಲು ಬೇಕೆಂದರೆ ಬಾಯಿ ತೆರೆಯಬೇಕು, ಪುರಸಭೆಯ ಅಧ್ಯಕ್ಷರು ಒಪ್ಪಲಿಲ್ಲ.

ಅಧ್ಯಕ್ಷರು ಪೀಠದ ಮಾತನ್ನು ತಾವೇ ಬರೆದಿದ್ದಾರೆ: "ಮಿತ್ರನೇ, ನೀನು ಬದುಕು; ನಾನು ತಾಯ್ನಾಡಿಗಾಗಿ ಪ್ರಾಣ ಅರ್ಪಿಸುವೆ." ಅಮ್ಮನಿಗೆ ಓದಿ ಹೇಳಿದರು. ಅವಳು ಕೇಳಿ, "ಅವ್ನು ಹೆಡ್‌ಮಾಸ್ಟರ್ ಹತ್ರಾನೂ ಹಿಂಗೆ ಮಾತಾಡಿದೋನಲ್ಲ. ಇದು ನನ್ನ ಮಗನ ಬಾಯಿಂದ ಬಂದಿದ್ದಲ್ಲ" ಎಂದು ಎದ್ದುಬಂದಳು.

ಅದಕ್ಕೇ ಮತ್ತೆ ಕೇಳುತ್ತಿದ್ದೇನೆ. ಹುಬ್ಬಿನ ಗೆರೆ ನೆನಪಿರುವವರಿಗೆ, ಮುರಿದ ಹಲ್ಲು ನೆನಪಿರುವವರಿಗೆ, ಕೊನೆಯ ನಾಲ್ಕು ಮಾತು ಮರೆಯುತ್ತದೆಯೇ? ನನಗೆ ನಂಬಿಕೆ ಬರುವುದಿಲ್ಲ. ಒರಟು ಮಾತಾಗಿದ್ದರೂ ಪರವಾಗಿಲ್ಲ, ಬೈಗುಳವಾಗಿದ್ದರೂ ಪರವಾಗಿಲ್ಲ. ಅಮ್ಮನಿಗೆ ಎಪ್ಪತ್ತಾರು.

ರೌಶನ್ ಆರಾ


ದಿನಾಜ್‌ಪುರ
೧೮ ಆಗಸ್ಟ್ ೧೯೯೭

ತಂಗಿ ರೌಶನ್,

ನಿಮ್ಮ ಕಾಗದ ಬಂದು ಮೂರು ವಾರವಾಯಿತು. ಅಂಗಡಿಯಲ್ಲಿ ಕೂತು ಎರಡು ಸಲ ಸುಳ್ಳು ಮಾತೊಂದನ್ನು ಬರೆದೆ. ಎರಡು ಸಲವೂ ಹರಿದೆ. ಅದನ್ನು ಕಲ್ಲಿನಲ್ಲಿ ಕೆತ್ತುತ್ತಾರೆ, ಖಾಲಮ್ಮ ಅದರ ಮೇಲೆ ಕೈಯಾಡಿಸುತ್ತಾರೆ ಎಂದು ನೆನೆದರೆ ಕೈ ಮುಂದೆ ಹೋಗಲಿಲ್ಲ. ನನ್ನ ಹೆಂಡತಿಗೂ ಹೇಳದ್ದನ್ನು ನಿಮಗೆ ಹೇಳುತ್ತಿದ್ದೇನೆ.

ಅಂದು ಎಲ್ಲ ಮೊದಲು ಸರಿಯಾಗಿಯೇ ನಡೆಯಿತು. ಘಾಟಿನ ಎದುರು ದಡದಿಂದ ನೀರಿಗಿಳಿದು, ತಲೆಯ ಮೇಲೆ ಅಂತರಗಂಗೆಯ ಗಿಡ ಹೊದ್ದು, ಹರಿವಿನ ಜೊತೆ ತೇಲುತ್ತ ಹಡಗು ಮುಟ್ಟಿದೆವು. ನನ್ನ ಅಯಸ್ಕಾಂತದ ಬಾಂಬು ಹಡಗಿಗೆ ಬೇಗ ಕಚ್ಚಿಕೊಂಡಿತು. ಕಫಿಲ್ ಇದ್ದ ಕಡೆ ಹಡಗಿನ ತಳದಲ್ಲಿ ಪಾಚಿ, ಚಿಪ್ಪು ದಪ್ಪಗೆ ಬೆಳೆದಿತ್ತು. ಚಾಕುವಿನಿಂದ ಕೆರೆದು ಅಂಟಿಸುವಷ್ಟರಲ್ಲಿ ಹೊತ್ತಾಯಿತು. ಬಿಟ್ಟುಬರಬಹುದಿತ್ತು. ಬಿಡಲಿಲ್ಲ. ಹಡಗು ಮುಳುಗಿದ್ದು ಅವನ ಬಾಂಬಿನಿಂದ ಎಂದು ನಾನು ಇಂದಿಗೂ ನಂಬಿದ್ದೇನೆ. ಪ್ರತಿಮೆ ಅವನದೇ ಆಗಬೇಕು, ಅದರಲ್ಲಿ ಸಂಶಯ ಬೇಡ.

ಸ್ಫೋಟವಾದಾಗ ನಾನು ದೂರವಿದ್ದೆ, ಅವನು ಇನ್ನೂ ಹತ್ತಿರವಿದ್ದ. ನೀರಿನೊಳಗೆ ಬಾಂಬಿನ ಹೊಡೆತ ಹೊಟ್ಟೆಗೆ ಬೀಳುತ್ತದೆ. ಹೊರಗೆ ಗಾಯ ಕಾಣುವುದಿಲ್ಲ. ಅವನು ಹೇಗೋ ನನ್ನವರೆಗೆ ಬಂದ. ಕಾಲು ಆಡುತ್ತಿರಲಿಲ್ಲ. ನನ್ನ ಸೊಂಟಕ್ಕೆ ಗಂಟು ಹಾಕಿದ್ದ ಗಮ್ಛಾ ವಸ್ತ್ರ ಹಿಡಿದುಕೊಂಡ, ನಾನು ಎಳೆಯುತ್ತ ಈಜಿದೆ. ಅಷ್ಟರಲ್ಲಿ ಗನ್‌ಬೋಟ್ ಬಂತು. ಬೆಳಕು ಬೀಸುತ್ತ, ಕಂಡ ಕಂಡ ಗಿಡದ ರಾಶಿಗೆಲ್ಲ ಗುಂಡು ಹೊಡೆಯುತ್ತ ಬರುತ್ತಿತ್ತು. ಕಫಿಲ್ ನೋವಿಗೆ ನರಳುತ್ತಿದ್ದ. ಬಾಯಿ ಮುಚ್ಚು ಅಂದೆ. ಮುಚ್ಚಿಕೊಳ್ಳಲು ನೋಡಿದ, ಆಗಲಿಲ್ಲ.

ನಾನು ಗಮ್ಛಾ ಬಿಚ್ಚಿ ಅವನ ಕೈಯಲ್ಲೇ ಬಿಟ್ಟು ಮುಳುಗಿದೆ.

ಅವನು ನನಗೆ ಹೋಗು ಎನ್ನಲಿಲ್ಲ. ಅವನು ಅಂದದ್ದು, "ಎಕ್ಲಾಸ್, ಇರೋ. ಸ್ವಲ್ಪ ಇರೋ." ಅಷ್ಟೇ. ನಾನು ತಲೆ ಎತ್ತಿದಾಗ ದಡ ಹತ್ತಿರವಿತ್ತು. ಹಿಂದೆ ಗುಂಡಿನ ಸದ್ದು ಕೇಳಿತು. ತಿರುಗಿ ನೋಡಲಿಲ್ಲ.

ವರದಿ ಬರೆಸಿಕೊಳ್ಳುವಾಗ ಅಧಿಕಾರಿ, ಅವನೇ ನಿನ್ನನ್ನು ಹೋಗಲು ಹೇಳಿದನೇ ಎಂದು ಕೇಳಿದರು. ನಾನು ತಲೆಯಾಡಿಸಿದೆ. ನನ್ನ ಇಡೀ ಬದುಕು ಆ ತಲೆಯಾಡಿಸಿದ್ದರ ಮೇಲೆ ನಿಂತಿದೆ. ಆಗ ನನಗೆ ಹತ್ತೊಂಬತ್ತು. ಅದು ಕಾರಣವೆಂದು ಹೇಳುತ್ತಿಲ್ಲ.

ಖಾಲಮ್ಮನಿಗೆ ಹೇಳುವುದು, ಬಿಡುವುದು ನಿಮ್ಮ ಕೈಯಲ್ಲಿದೆ.

ಎಕ್ಲಾಸ್


ದಿನಾಜ್‌ಪುರ
೩೦ ಸೆಪ್ಟೆಂಬರ್ ೧೯೯೭

ತಂಗಿ ರೌಶನ್,

ನನ್ನ ಆಗಸ್ಟ್ ತಿಂಗಳ ಕಾಗದ ತಲುಪಿತೇ? ಅಂಚೆಯವನನ್ನು ದಿನಾ ಕೇಳುತ್ತಿದ್ದೇನೆ. ತಲುಪಿದೆ ಎಂಬ ಒಂದು ಸಾಲು ಸಾಕು. ಬೈದು ಬರೆದರೂ ಸರಿ.

ಎಕ್ಲಾಸ್


ಹಿಜಲತಲಾ
೯ ನವೆಂಬರ್ ೧೯೯೭

ಎಕ್ಲಾಸ್ ಮೃಧಾ ಅವರಿಗೆ,

ತಲುಪಿತು. ಎರಡೂ ತಲುಪಿದವು.

ಮೊದಲನೆಯದನ್ನು ಶಾಲೆಯಲ್ಲಿ ಓದಿದೆ. ನಾಲ್ಕನೇ ತರಗತಿಯವರಿಗೆ ಗುಣಾಕಾರ ಬರೆಯಲು ಹೇಳಿ ಓದಿದೆ. ಅವರು ಬರೆದು ಮುಗಿಸಿ ಸ್ಲೇಟು ಹಿಡಿದು ನಿಂತಿದ್ದರು, ನನಗೆ ಕಾಣಲಿಲ್ಲ. ಮನೆಗೆ ಬಂದು ಅಮ್ಮನಿಗೆ ಸುಳ್ಳು ಹೇಳಿದೆ. "ನಾನು ಹೆದರಲಿಲ್ಲ ಅಂತ ಅಮ್ಮಂಗೆ ಹೇಳು" ಎಂದು ಟುಕು ಹೇಳಿದನಂತೆ ಅಂದೆ. ಅಮ್ಮ ಎದ್ದು ಕೆರೆಯ ಮೆಟ್ಟಿಲಿಗೆ ಹೋಗಿ ಅಲ್ಲಿದ್ದ ಹೆಂಗಸರಿಗೆಲ್ಲ ಹೇಳಿದಳು. ಎರಡು ವಾರ ಅವಳ ಮುಖವೇ ಬೇರೆ ಇತ್ತು. ಮಗಳಾಗಿ ನಾನು ಅವಳನ್ನು ಹಾಗೆ ಕಂಡದ್ದೇ ಇಲ್ಲ.

ಕಲ್ಲು ಕೆತ್ತುವವನು ಬಂದು ಪೀಠದ ಮೇಲೆ ಸೀಮೆಸುಣ್ಣದಲ್ಲಿ ಆ ಮಾತು ಬರೆದ. ಅಮ್ಮ ಅವನಿಂದ ಓದಿಸಿಕೊಂಡಳು. ಇನ್ನೊಮ್ಮೆ ಓದಿಸಿಕೊಂಡಳು. ಮನೆಗೆ ಬಂದು ಕೂತು ಕೇಳಿದಳು: "ಇದು ನಿನ್ನ ಮಾತಲ್ವಾ ರೋಶು?" ನಾನು ಒಳಗೆ ಹೋಗಲು ಎದ್ದೆ. "ಪರೀಕ್ಷೆಗೆ ಹೋಗುವಾಗ ನೀನು ಬಾಗಿಲಲ್ಲಿ ನಿಂತು, ನಾನೇನು ಹೆದರಿಲ್ಲಮ್ಮ ಅಂತಿದ್ದೆ. ಟುಕು ಹಂಗೆ ಹೇಳಿದೋನಲ್ಲ. ಅವ್ನಿಗೆ ಹೆದರಿಕೆ ಆದ್ರೆ ಆಗ್ತಿದೆ ಅಂತಿದ್ದ. ಕಾಗದ ತಗೊಂಬಾ, ಓದು."

ಓದಿದೆ. ಒಂದಕ್ಷರ ಬಿಡದೆ ಓದಿದೆ.

ಅವಳು ಅಳಲಿಲ್ಲ. ಎರಡು ದಿನ ಅನ್ನ ಮುಟ್ಟಲಿಲ್ಲ. ಮೂರನೇ ದಿನ ಬೆಳಿಗ್ಗೆ ಒಬ್ಬಳೇ ಘಾಟಿಗೆ ಹೋಗಿ, ಸೆರಗು ಒದ್ದೆ ಮಾಡಿ ಸೀಮೆಸುಣ್ಣದ ಬರಹವನ್ನೆಲ್ಲ ಒರೆಸಿ ಬಂದಳು. ಪೀಠದ ಮೇಲೆ ಹೆಸರು, ವಯಸ್ಸು, ಊರು ಮೂರೇ ಇರಬೇಕೆಂದು ಅಧ್ಯಕ್ಷರ ಮನೆಯ ಜಗಲಿಯಲ್ಲಿ ಕೂತುಬಿಟ್ಟಳು. ಅವರಿಗೆ ಸಿಟ್ಟು ಬಂತು. ಕಾರಣ ಕೇಳಿದರು. ಅವಳು ಹೇಳಲಿಲ್ಲ. ನಿಮ್ಮ ಹೆಸರನ್ನೇ ಎತ್ತಲಿಲ್ಲ. ಕೊನೆಗೆ ಅವರೇ ಸೋತರು.

ಆಮೇಲೆ ನನ್ನನ್ನು ಕೂರಿಸಿ ನಿಮಗೆ ಕೇಳಲು ಹೇಳಿದ್ದು ಇವು. ಆ ಸಂಜೆ ಅವನು ಏನು ತಿಂದಿದ್ದ? ಅಷ್ಟು ಹತ್ತಿರ ತನ್ನ ಮನೆ ಇದೆ ಎಂದು ಅವನಿಗೆ ಗೊತ್ತಿತ್ತೇ? ಅಂದು ಆ ಸದ್ದು ನಮ್ಮ ಮನೆಗೂ ಕೇಳಿಸಿತ್ತು. ಅಮ್ಮ ಗುಡುಗು ಎಂದುಕೊಂಡು ಅಂಗಳದ ಭತ್ತ ಒಳಗೆ ತಂದಿದ್ದಳು. ಇನ್ನೊಂದು, ಅವನ ಹೆಸರಿನಲ್ಲಿ ನೀವು ಎಂದಾದರೂ ನಮಾಜು ಮಾಡಿದ್ದೀರಾ?

ಅನಾವರಣಕ್ಕೆ ಬರಬೇಕಂತೆ. ಅವಳು ಹೇಳಿದ್ದು ಹೀಗೆ: "ಬಂದು ಊಟ ಮಾಡ್ಕೊಂಡು ಹೋಗಲಿ."

ಇದು ಅಮ್ಮನ ಪಾಲಿನದು. ನನ್ನದು ಒಂದೇ ಪ್ರಶ್ನೆ. ನಾನೂ ನದಿಯ ದಡದಲ್ಲಿ ಬೆಳೆದವಳು. ಒದ್ದೆಯಾದ ಗಮ್ಛಾದ ಗಂಟು, ಅದರ ಮೇಲೆ ಒಬ್ಬ ಮನುಷ್ಯನ ಭಾರ ಬಿದ್ದ ಗಂಟು, ಬೆರಳಿಗೆ ಬಿಚ್ಚುವುದಿಲ್ಲ. ನೀವು ಬಿಚ್ಚಿದೆ ಎಂದು ಬರೆದಿದ್ದೀರಿ. ಬಿಚ್ಚುವಷ್ಟು ಹೊತ್ತು ಏನು ಯೋಚಿಸುತ್ತಿದ್ದಿರಿ?

ರೌಶನ್ ಆರಾ


ದಿನಾಜ್‌ಪುರ
೨೪ ನವೆಂಬರ್ ೧೯೯೭

ತಂಗಿ ರೌಶನ್,

ಖಾಲಮ್ಮನಿಗೆ ಮೊದಲು.

ಎದುರು ದಡದ ಒಬ್ಬ ರೈತನ ದನದ ಕೊಟ್ಟಿಗೆಯಲ್ಲಿ ಅಡಗಿದ್ದೆವು. ಆ ಮನೆಯ ಹೆಂಗಸು ನೀರಲ್ಲಿ ನೆನೆಸಿದ ತಂಗಳನ್ನ, ಸುಟ್ಟ ಒಣಮೆಣಸಿನಕಾಯಿ, ಈರುಳ್ಳಿ ಕೊಟ್ಟರು. ಬೇಯಿಸಿದ ಒಂದು ಮೊಟ್ಟೆಯಿತ್ತು. ಅದನ್ನು ಕಫಿಲ್ ದಾರದಿಂದ ಎರಡು ಮಾಡಿದ. ಹೊಟ್ಟೆ ತುಂಬ ತಿಂದ. ಹಸಿದು ಹೋಗಲಿಲ್ಲ ಎಂದು ಅವರಿಗೆ ಹೇಳಿ.

ಮನೆ ಗೊತ್ತಿತ್ತು. ಕೊಟ್ಟಿಗೆಯ ಬಿದಿರ ತಟ್ಟಿಯ ಸಂದಿನಿಂದ ತೋರಿಸಿದ. "ಆ ಜೋಡಿ ತಾಳೆಮರ ಇದ್ಯಲ್ಲ, ಅದರ ಹಿಂದೇನೇ. ಕೆಲಸ ಮುಗಿದ್ರೆ ಬೆಳಿಗ್ಗೆ ಅಮ್ಮನ ಕೈ ಊಟ ಹಾಕಿಸ್ತೀನಿ ನಿಂಗೆ" ಅಂದ. ಈಗಲೇ ಒಮ್ಮೆ ಹೋಗಿ ನೋಡಿ ಬರುತ್ತೇನೆ ಎಂದೂ ಕೇಳಿದ. ಸುಳಿವು ಸಿಕ್ಕರೆ ಎಲ್ಲರೂ ಸಾಯುತ್ತೇವೆ, ಬೇಡ ಎಂದು ತಡೆದವನು ನಾನೇ.

ನಮಾಜು ಪ್ರತಿ ಶುಕ್ರವಾರ ಮಾಡುತ್ತೇನೆ. ಅವನ ಹೆಸರು ಬಂದ ಕಡೆ ನಾಲಿಗೆ ತಡೆಯುತ್ತದೆ.

ಇನ್ನು ನಿಮಗೆ. ನೀವು ಸರಿಯಾಗಿ ಹೇಳಿದಿರಿ. ಗಂಟು ಬಿಚ್ಚಲಿಲ್ಲ. ಮೊದಲು ಬೆರಳಿನಿಂದ ನೋಡಿದೆ. ಆಮೇಲೆ ಚಾಕುವಿನಿಂದ ಕೊಯ್ದೆ. ಅವನು ನನ್ನ ಕೈಯನ್ನು ನೋಡುತ್ತಿದ್ದ. ಇರೋ ಅಂದದ್ದು ಆಗ. ಏನು ಯೋಚಿಸುತ್ತಿದ್ದೆ ಎಂದು ಕೇಳಿದ್ದೀರಿ. ಬದುಕಬೇಕು ಎಂದು ಯೋಚಿಸುತ್ತಿದ್ದೆ. ಬೇರೆ ಏನೂ ಇರಲಿಲ್ಲ.

ಇದನ್ನು ಅವರಿಗೆ ಓದಬೇಕೋ ಬೇಡವೋ ನಿಮಗೆ ಬಿಟ್ಟದ್ದು.

ಡಿಸೆಂಬರ್ ಹದಿನಾರಕ್ಕೆ ಬರುತ್ತೇನೆ.

ಎಕ್ಲಾಸ್


ಹಿಜಲತಲಾ
೨೮ ಡಿಸೆಂಬರ್ ೧೯೯೭

ಎಕ್ಲಾಸ್ ಭಾಯಿ,

ಚಾಕುವಿನ ಸಾಲನ್ನು ನಾನು ಅಮ್ಮನಿಗೆ ಓದಲಿಲ್ಲ. ಅಲ್ಲಿಗೆ ಬಂದಾಗ ನನ್ನ ದನಿ ನಿಂತದ್ದು ಅವಳಿಗೆ ಗೊತ್ತಾಯಿತು. ಮುಂದೇನಿದೆ ಎಂದು ಅವಳು ಕೇಳಲಿಲ್ಲ.

ಅನಾವರಣ ಚೆನ್ನಾಗಿ ನಡೆಯಿತು. ಬ್ಯಾಂಡು ಇತ್ತು, ನೌಕಾಪಡೆಯ ಆರು ಜನ ಬಿಳಿ ಸಮವಸ್ತ್ರದಲ್ಲಿ ಬಂದು ಸೆಲ್ಯೂಟ್ ಹೊಡೆದರು. ನಮ್ಮ ಶಾಲೆಯ ಮಕ್ಕಳು ಹಾಡಿದರು. ಅಧ್ಯಕ್ಷರು ಕಲ್ಲಿನ ಮೇಲೆ ಬರೆಸಲಾಗದ ಮಾತನ್ನು ಭಾಷಣದಲ್ಲಿ ಹೇಳಿಯೇ ಬಿಟ್ಟರು: ಮಿತ್ರನೇ, ನೀನು ಬದುಕು. ಜನ ಚಪ್ಪಾಳೆ ತಟ್ಟಿದರು. ಅಮ್ಮ ತಟ್ಟಲಿಲ್ಲ. ಅವಳು ವೇದಿಕೆಗೆ ಬೆನ್ನು ಮಾಡಿ, ಲಾಂಚಿನಿಂದ ಇಳಿದು ಬರುವವರ ಮುಖಗಳನ್ನು ನೋಡುತ್ತಿದ್ದಳು. ನಿಮ್ಮ ಗುರುತು ಅವಳಿಗೆ ಹೇಗೆ ಸಿಗಬೇಕು? ನಲವತ್ತೈದರ ಆಸುಪಾಸಿನ ಗಂಡಸು ಬಂದರೆ ಸಾಕು, ಎದ್ದು ನಿಲ್ಲುತ್ತಿದ್ದಳು.

ಮನೆಯಲ್ಲಿ ಇಲಿಶ್ ಮೀನು ಮಾಡಿಟ್ಟಿದ್ದಳು. ಕತ್ತಲಾಗುವವರೆಗೆ ನಿಮ್ಮ ತಟ್ಟೆ ಮುಚ್ಚಿಯೇ ಇತ್ತು. ನಾನು ಮನಸ್ಸಿನಲ್ಲೇ ನಿಮ್ಮನ್ನು ಬೈದೆ. ಬರುತ್ತೇನೆ ಎಂದು ಬರೆಯದಿದ್ದರೆ ಆಗುತ್ತಿರಲಿಲ್ಲವೇ ಎಂದುಕೊಂಡೆ.

ಹತ್ತೊಂಬತ್ತರಂದು ಲಾಂಚು ನಡೆಸುವವನು ದಾರಿಯಲ್ಲಿ ಸಿಕ್ಕು ಒಂದು ಸುದ್ದಿ ಹೇಳಿದ. ಆಚೆ ದಡದಲ್ಲಿ ಉತ್ತರದ ಕಡೆಯ ಮಾತಾಡುವ ಒಬ್ಬ ಮನುಷ್ಯ ಮೂರು ದಿನದಿಂದ ಕೂತಿದ್ದಾನೆ, ದಿನಾ ಟಿಕೆಟ್ ತೆಗೆಸುತ್ತಾನೆ, ಲಾಂಚಿಗೆ ಹತ್ತುವ ಹಲಗೆಯ ಮೇಲೆ ಒಂದು ಕಾಲಿಟ್ಟು ವಾಪಸ್ ಹೋಗುತ್ತಾನೆ. "ಮೇಡಂ, ನೀರು ಕಂಡ್ರೆ ಮೈ ನಡುಗತ್ತೆ ಆ ಮನುಷ್ಯಂಗೆ. ಬೆನ್ನ ಮೇಲೆ ಕೈ ಇಟ್ಟು ಹತ್ತಿಸೋಕೆ ನೋಡಿದೆ, ಆಗ್ಲಿಲ್ಲ" ಎಂದ.

ನಾನು ಮನೆಗೆ ಬಂದು ಹೇಳಿದ್ದೇ ತಡ, ಅಮ್ಮ ಬುರ್ಖಾ ಹಾಕಿಕೊಂಡು ಹೊರಟು ನಿಂತಳು. ಅನ್ನ, ಸಾರು ಡಬ್ಬಿಗೆ ತುಂಬಿದಳು. ಮಂಜು ಕವಿದಿತ್ತು, ಬೇಡ ಎಂದೆ. ಕೇಳಲಿಲ್ಲ. ಅವಳು ಲಾಂಚು ಹತ್ತಿ ಹನ್ನೆರಡು ವರ್ಷವಾಗಿತ್ತು.

ನಾವು ಆಚೆ ದಡ ತಲುಪಿದಾಗ ನೀವು ಹೋಗಿಯಾಗಿತ್ತು. ಬೆಳಿಗ್ಗೆಯ ಬಸ್ಸಿಗೆ ಹೋದರು ಎಂದು ಚಹಾ ಅಂಗಡಿಯವನು ಹೇಳಿದ. ನೀವು ಕೂತಿದ್ದ ಬೆಂಚು ತೋರಿಸಿದ. ಅಲ್ಲಿ ಕೂತರೆ ಪ್ರತಿಮೆ ಕಾಣುತ್ತದೆ. ಮುಖ ತಿಳಿಯುವುದಿಲ್ಲ, ಆ ದೊಡ್ಡ ಎದೆ ಮಾತ್ರ ತಿಳಿಯುತ್ತದೆ. ಶಿಲ್ಪಿ ಹೇಳಿದ್ದು ಅದೊಂದು ನಿಜ.

ಅಮ್ಮ ಆ ಬೆಂಚಿನ ಮೇಲೆ ಕೂತಳು. ಡಬ್ಬಿ ಬಿಚ್ಚಲಿಲ್ಲ. ನನಗೆ ತಡೆಯಲಾಗದೆ, ಈ ಸಲವೂ ಬಿಟ್ಟುಹೋದರು ನೋಡು ಎಂದೆ. ಅವಳು ನನ್ನ ಮೇಲೆ ರೇಗಲಿಲ್ಲ. ಎದುರಿನ ಘಾಟನ್ನು ನೋಡುತ್ತ ಹೇಳಿದಳು: "ಟುಕುದು ಆ ಹೊತ್ತಿಗೇ ಮುಗೀತು ರೋಶು. ನೋವು, ಹೆದರಿಕೆ, ಎಲ್ಲಾ. ಈ ಹುಡುಗ ಇನ್ನೂ ನೀರಲ್ಲೇ ಇದಾನೆ. ಇಪ್ಪತ್ತಾರು ವರ್ಷ ಯಾರಾದ್ರೂ ಈಜ್ತಾರಾ?"

ವಾಪಸ್ ಬರುವಾಗ ಅವಳಿಗೆ ಶೀತ ಹಿಡಿಯಿತು. ಈಗ ವಾಸಿ. ಕೆಮ್ಮು ಉಳಿದಿದೆ.

ನಾನು ನಿಮ್ಮನ್ನು ಕ್ಷಮಿಸಿಲ್ಲ ಎಂದು ತಿಳಿದಿರಲಿ. ಕ್ಷಮಿಸುತ್ತೇನೋ ಇಲ್ಲವೋ ಗೊತ್ತಿಲ್ಲ. ಆ ಚಾಕು ನನ್ನೊಬ್ಬಳ ಎದೆಯಲ್ಲಿದೆ, ಅಮ್ಮನಿಗೆ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಆದರೆ ಅವಳ ಅನ್ನ ಇನ್ನೊಂದು ಸಲ ತಣ್ಣಗಾಗುವುದನ್ನು ನಾನು ನೋಡಲಾರೆ.

ಜನವರಿ ಒಂಬತ್ತು ಶುಕ್ರವಾರ, ಶಾಲೆಗೆ ರಜೆ. ಬೆಳಗಿನ ಮೊದಲ ಲಾಂಚಿಗೆ ನಾನೇ ಆಚೆ ದಡಕ್ಕೆ ಬರುತ್ತೇನೆ. ಕಂದು ಶಾಲು ಹೊದ್ದಿರುತ್ತೇನೆ, ಕನ್ನಡಕವಿದೆ. ಜೊತೆಗೆ ಹತ್ತೋಣ. ಲಾಂಚಿನ ನಡುವೆ ಇಂಜಿನ್ ಕೋಣೆಯ ಪಕ್ಕದಲ್ಲಿ ಒಂದು ಬೆಂಚಿದೆ. ಅಲ್ಲಿ ಕೂತರೆ ನೀರು ಕಾಣುವುದಿಲ್ಲ. ಸದ್ದು ಜೋರು, ಮಾತಾಡಲೂ ಆಗುವುದಿಲ್ಲ. ನಮ್ಮಿಬ್ಬರಿಗೂ ಅದೇ ಒಳ್ಳೆಯದು. ಕಾಲು ಗಂಟೆಯ ದಾರಿ.

ಇತಿ,
ಕಫಿಲುದ್ದೀನನ ತಂಗಿ
ರೌಶನ್ ಆರಾ